ಲಾವಕ್ಕಿಗೆ ಬಿಟ್ಟ ದಿಕ್ಕು

ಲಾವಕ್ಕಿಯ ರೆಕ್ಕೆಗೆ ತಾಗಿದ್ದು ನನ್ನ ಕುಡಗೋಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಊರಿನಲ್ಲಿ ಈ ಸಂಗತಿ ಹೇಳುವವರು ನನ್ನನ್ನು ದೊಡ್ಡ ದಯಾವಂತೆ ಮಾಡಿ ನಗುತ್ತಾರೆ, ಇಲ್ಲವೇ ತಲೆಕೆಟ್ಟವಳನ್ನಾಗಿ ಮಾಡಿ ನಗುತ್ತಾರೆ. ನಾನು ಎರಡೂ ಅಲ್ಲ. ಕೈಯಾರೆ ಕೆಡಿಸಿದ್ದನ್ನು ಸರಿಮಾಡಲು ಹಟ ಹಿಡಿದವಳು, ಅಷ್ಟೇ.

ಮುಂಡಗೋಡ ತಾಲೂಕಿನಲ್ಲಿ ಪಾಳಾ ಊರಿನ ಹತ್ತಿರ ನಮ್ಮವು ಎರಡು ತುಂಡು ಭತ್ತದ ಹೊಲ. ಮೇಲಿನದು ನಮ್ಮ ಪಾಲಿನದು, ಕೆಳಗಿನದು ಮೈದುನನ ಪಾಲಿನದು. ನನ್ನ ಗಂಡ ದಾಂಡೇಲಿಯಲ್ಲಿ ಪಾಳಿ ಕೆಲಸದಲ್ಲಿದ್ದಾರೆ, ರಜೆ ಸಿಕ್ಕಾಗ ಬರುತ್ತಾರೆ. ಹೀಗಾಗಿ ಮೇಲಿನ ಹೊಲದ ಯಜಮಾನಿಕೆ ನನ್ನದೇ. ಎರಡೂ ಹೊಲಗಳಿಗೆ ಒಂದು ಬದಿಗೆ ರಸ್ತೆ, ಇನ್ನೊಂದು ಬದಿಗೆ ಯಾರೂ ಉಳದೆ ಬಿಟ್ಟ ಹಕ್ಕಲ. ಹಕ್ಕಲದಲ್ಲಿ ಕೌಳಿ, ಕಾರೆಯ ಮುಳ್ಳುಪೊದೆ, ಎದೆಮಟ್ಟದ ಹುಲ್ಲು. ಅದರಾಚೆ ಕಾಡು.

ನಮ್ಮಲ್ಲಿ ಭತ್ತವನ್ನು ನಾಲ್ಕೂ ಬದಿಯಿಂದ ಒಳಕ್ಕೆ ಕೊಯ್ಯುತ್ತಾ ಬರುವುದು ರೂಢಿ. ಕೊನೆಗೆ ನಡುವೆ ಮಂಚದಷ್ಟು ಬೆಳೆ ಉಳಿಯುತ್ತದೆ. ಹೊಲದಲ್ಲಿದ್ದ ಇಲಿ, ಲಾವಕ್ಕಿ ಎಲ್ಲ ಹಿಂದೆ ಸರಿಯುತ್ತಾ ಸರಿಯುತ್ತಾ ಅದರೊಳಗೆ ಸೇರಿರುತ್ತವೆ. ಆ ಕೊನೆಯ ತುಣುಕಿನಿಂದ ಏನು ಹೊರಬಿದ್ದರೂ ಕೊಯ್ಲಿಗೆ ಬಂದವರದು. ಇದೂ ರೂಢಿಯೇ. ನಮ್ಮದು ಲಿಂಗ ಕಟ್ಟಿದ ಮನೆತನ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹಾಗಾಗಿ ಅವರು ಆ ತುಣುಕಿನ ಸುತ್ತ ಬಲೆ ಬಿಚ್ಚುವ ಹೊತ್ತಿಗೆ ಸರಿಯಾಗಿ ನಮಗೆ ಚಹಾದ ನೆನಪಾಗುತ್ತದೆ. ಬದುವಿನಾಚೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ಕೂತು ಚಹಾ ಕುಡಿಯುತ್ತೇವೆ. ತಿರುಗಿ ಬಂದಾಗ ಹೊಲ ಬಯಲಾಗಿರುತ್ತದೆ, ಬಲೆ ಚೀಲದೊಳಗೆ ಇರುತ್ತದೆ, ಯಾರೂ ಏನೂ ಕೇಳುವುದಿಲ್ಲ. ಇಪ್ಪತ್ತು ವರ್ಷ ನಾನೂ ಹಾಗೇ ಕೂತಿದ್ದೆ.

ಆ ವರ್ಷ ಕೊಯ್ಲಿಗೆ ಒಬ್ಬರು ಕಡಿಮೆ ಬಿದ್ದರು. ಮೋಡ ಬೇರೆ ಹಾಕಿತ್ತು. ಚಹಾ ಆಮೇಲೆ ಕುಡಿದರಾಯಿತೆಂದು ನಾನೂ ಕುಡಗೋಲು ಹಿಡಿದು ಕೊನೆಯ ತುಣುಕಿಗೆ ಬಗ್ಗಿದೆ. ಎರಡು ಹಿಡಿ ಕೊಯ್ದಿರಬೇಕು, ಕಾಲ ಬುಡದಲ್ಲೇ ಪಟಾಕಿ ಸರ ಹಚ್ಚಿದ ಹಾಗೆ ಹಕ್ಕಿಗಳು ಎದ್ದವು. ಹೆದರಿ ಕೈ ಬೀಸಿದೆ. ಕೆಲವು ಬಲೆಗೆ ಬಿದ್ದವು, ಉಳಿದವು ಕೆಳಗಿನ ಹೊಲಕ್ಕೆ ಹಾರಿದವು. ಒಂದು ಮಾತ್ರ ನನ್ನ ಪಾದದ ಹತ್ತಿರ ಒಂದೇ ರೆಕ್ಕೆ ಬಡಿಯುತ್ತಾ ಸುತ್ತು ಹಾಕುತ್ತಿತ್ತು.

ಎತ್ತಿ ಸೆರಗಿನಲ್ಲಿ ಸುತ್ತಿಕೊಂಡೆ. ಕೊಯ್ಲಿನ ಗುಂಪಿನ ಮುಂದಾಳು ನನ್ನದೇ ವಯಸ್ಸಿನ ಹೆಂಗಸು, ತವರು ಜೋಯಿಡಾದ ಕುಂಬಾರವಾಡ. ಕಾಡಿನೊಳಗೆ ಬೆಳೆದವಳು. ಅವಳು ಸಹಜವಾಗಿ ಕೈ ಚಾಚಿದಳು.

"ಕೊಡ ಅಕ್ಕಾ. ಅದು ನಮ್ಮ ಪಾಲಿಂದು."

"ಇದು ನನ್ನ ಕುಡಗೋಲಿಗೆ ಬಿದ್ದದ್ದು. ನಾ ಕೊಡೂದಿಲ್ಲ."

"ನೀವು ತಿನ್ನೂದಿಲ್ಲ ಅಂತ ನಾವೂ ತಿನ್ನಬಾರದೇನ? ಇಷ್ಟ ವರ್ಷ ಆಕಡೆ ಮಾರಿ ಮಾಡಿ ಕುಂದರ್ತಿದ್ದಿ, ಇವತ್ತ ಒಂದ ನೋಡಿದ್ದಕ್ಕ ಇಷ್ಟ ಕರುಣಿ ಬಂತೇನ?"

ಅವಳ ಮಾತು ಸರಿ ಇತ್ತು. ಸರಿ ಇದ್ದದ್ದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಹಕ್ಕಿಯನ್ನು ಎದೆಗೆ ಒತ್ತಿಕೊಂಡು ಮನೆಗೆ ನಡೆದೆ.

ರೆಕ್ಕೆಯ ತುದಿಯಲ್ಲಿ ಮಾಂಸ ಹರಿದಿತ್ತು, ಎಲುಬು ಉಳಿದಿತ್ತು. ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿ, ಬಿದಿರಿನ ಬುಟ್ಟಿ ಬೋರಲು ಹಾಕಿ ಅದರಡಿ ಇಟ್ಟೆ. ಯಾರಾದರೂ ಹತ್ತಿರ ಸುಳಿದರೆ ಸಾಕು, ಅದು ನೆಟ್ಟಗೆ ಮೇಲಕ್ಕೆ ನೆಗೆದು ಬುಟ್ಟಿಗೆ ತಲೆ ಬಡಿದುಕೊಳ್ಳುತ್ತಿತ್ತು. ಸಂಜೆಯೊಳಗೆ ನೆತ್ತಿಯ ಗರಿ ಉದುರಿ ಚರ್ಮ ಕಾಣಿಸಿತು. ಅತ್ತೆ ಬಾಗಿಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು.

"ರೆಕ್ಕಿ ಹೋತು, ಈಗ ತಲೀನೂ ಒಡೀತಿ. ಮ್ಯಾಲಿಂದು ಮೆತ್ತಗಿರಬೇಕವಾ" ಎಂದರು.

ಬುಟ್ಟಿಯನ್ನು ಅಂಗಾತ ಇಟ್ಟು, ಬಾಯಿಗೆ ನನ್ನ ಹಳೆಯ ಸೀರೆಯ ತುಂಡು ಸಡಿಲಾಗಿ ಕಟ್ಟಿದೆ. ಹಕ್ಕಿ ನೆಗೆದರೆ ಬಟ್ಟೆ ಮೇಲೆದ್ದು ಕೆಳಗಿಳಿಯುತ್ತಿತ್ತು. ಒಂದು ಸಂಕಟ ತಪ್ಪಿತು. ಇನ್ನೊಂದು ಶುರುವಾಯಿತು. ಎರಡು ದಿನವಾದರೂ ಅದು ಏನನ್ನೂ ತಿನ್ನಲಿಲ್ಲ. ಅಕ್ಕಿ ಹಾಕಿದೆ, ಭತ್ತ ಹಾಕಿದೆ, ಹತ್ತಿಯ ಬತ್ತಿ ಅದ್ದಿ ಹಾಲು ಹನಿಸಿದೆ. ಕೊಕ್ಕು ಬಿಗಿಹಿಡಿದು ಮೂಲೆಯಲ್ಲಿ ಕೂತಿತು. ನನಗಿಂತ ಹಟಮಾರಿ.

ಮೂರನೆಯ ದಿನ ಮುಂದಾಳು ಹೆಂಗಸು ಕೊಯ್ದ ಭತ್ತದ ಸಿವುಡು ಕಟ್ಟಲು ಬಂದವಳು ನೀರು ಕುಡಿಯಲು ಅಂಗಳಕ್ಕೆ ಬಂದಳು. ಬುಟ್ಟಿಯೊಳಗೆ ಇಣುಕಿದಳು, ಹಾಲಿನ ಬಟ್ಟಲು ಕಂಡಳು.

"ಅದರವ್ವ ಅದಕ್ಕ ಹಾಲ ಕುಡಿಸಿ ಬೆಳಿಸ್ಯಾಳೇನ?" ಅಂದಳು. "ಗೆದ್ದಲ ತಂದ ಹಾಕು. ಸಾವಿ ಹಾಕು. ನಾಳಿಗೆ ಎದ್ದ ನಿಂದರ್ತೈತಿ."

ಗೆದ್ದಲು. ಲಿಂಗ ಕಟ್ಟಿದ ಮನೆಯಲ್ಲಿ, ಇರುವೆ ಸಾಲು ಕಂಡರೆ ದಾಟಿ ಹೋಗುವ ನಾನು, ಜೀವಂತ ಹುಳ ಹಿಡಿದು ಇನ್ನೊಂದರ ಬಾಯಿಗೆ ಹಾಕಬೇಕು. ಹುತ್ತ ಕೆದರುವಂತಿಲ್ಲ, ಅದಕ್ಕೆ ಪೂಜೆ ಮಾಡುತ್ತೇವೆ. ಕೊಟ್ಟಿಗೆಯ ಹಿಂದೆ ಒಣಗಿದ ಸಗಣಿಯ ಗಡ್ಡೆ ಎತ್ತಿದೆ. ಅಡಿಯಲ್ಲಿ ಬೆಳ್ಳಗೆ ಮಿಲಮಿಲ ಹರಿಯುತ್ತಿದ್ದವು. ಒಂದು ಹೋಳು ಮುರಿದು ತಂದು ಬುಟ್ಟಿಯೊಳಗಿಟ್ಟೆ. ಹಕ್ಕಿ ಕತ್ತು ಚಾಚಿತು, ಒಂದನ್ನು ಕುಕ್ಕಿತು, ಆಮೇಲೆ ತಲೆ ಎತ್ತಲೇ ಇಲ್ಲ. ನನಗೆ ಹೇಸಿಕೆಯೂ ಆಯಿತು, ಸಂತೋಷವೂ ಆಯಿತು. ಸಂತೋಷವೇ ಹೆಚ್ಚು.

ಅತ್ತೆ ಸುಮ್ಮನಿರುವವರಲ್ಲ. "ಮುಂಜಾನೆದ್ದು ಲಿಂಗಪೂಜಿ, ಆಮ್ಯಾಲೆ ಗೆದ್ದಲ ಬ್ಯಾಟಿ. ಭಾಳ ಚಲೋ ಐತಿ ನಿನ್ನ ಧರ್ಮ."

"ಪಾಪ ನನಗಿರ್ಲಿ ಅತ್ತಿ. ನೀವು ಮಾರಿ ಆಕಡೆ ಮಾಡ್ರಿ. ನಮಗೆಲ್ಲಾ ರೂಢಿ ಐತಲ್ಲ."

ಅವರು ಎದ್ದು ಒಳಗೆ ಹೋದರು. ಅಂದಿದ್ದು ಜಾಸ್ತಿಯಾಯಿತೇನೋ ಎಂದು ನನಗೂ ಅನಿಸಿತು, ಆದರೆ ಹಿಂದೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ. ಮರುದಿನ ನಾನು ಏಳುವ ಹೊತ್ತಿಗೆ ಬುಟ್ಟಿಯೊಳಗೆ ಒಂದು ಹಿಡಿ ಸಾವೆ ಕಾಳು ಬಿದ್ದಿತ್ತು. ನಮ್ಮ ಮನೆಯಲ್ಲಿ ಸಾವೆ ಎಲ್ಲಿದೆಯೆಂದು ಅತ್ತೆಯನ್ನು ಬಿಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ.

ವಾರ ಕಳೆಯಿತು. ಗಾಯ ಒಣಗಿತು. ಸಂಜೆ ಬೆಳಕು ಇಳಿಯುವಾಗ ಕೆಳಗಿನ ಹೊಲದಿಂದ ಸಣ್ಣ ಸಿಳ್ಳೆ ಕೇಳಿಬರುತ್ತಿತ್ತು, ಒಂದರ ಹಿಂದೆ ಒಂದು. ಹಿಂಡಿನಲ್ಲಿ ಉಳಿದವು ಅಲ್ಲೇ, ಮೈದುನನ ಭತ್ತದಲ್ಲಿ ಸೇರಿಕೊಂಡಿದ್ದವು. ಅದು ತಡವಾಗಿ ಬಿತ್ತಿದ ಹೊಲ, ಇನ್ನೂ ನಿಂತಿತ್ತು. ಬುಟ್ಟಿಯೊಳಗಿನದು ಕಿವಿಗೊಟ್ಟು ಕೇಳಿ, ಅಷ್ಟೇ ಸಣ್ಣಗೆ ಉತ್ತರ ಕೊಡುತ್ತಿತ್ತು. ಮೊದಲ ಸಲ ಕೇಳಿದಾಗ ನನ್ನ ಕೈಯಲ್ಲಿದ್ದ ಕಸಬರಿಗೆ ನಿಂತುಬಿಟ್ಟಿತು. ಇದಕ್ಕೆ ಹೋಗಲು ಒಂದು ಮನೆಯಿದೆ ಎಂದು ಅಲ್ಲಿಯವರೆಗೆ ನಾನು ಯೋಚಿಸಿಯೇ ಇರಲಿಲ್ಲ.

ಅದರ ಮರುದಿನವೇ ಮೈದುನ ಬಂದು ಹೇಳಿದ, ಹಳಿಯಾಳದ ಕಡೆಯಿಂದ ಕೊಯ್ಯುವ ಮಶೀನ್ ಬರುತ್ತದೆ, ಇನ್ನು ನಾಲ್ಕು ದಿನ. ಮಶೀನಿಗೂ ಕೈಗೂ ರೂಢಿ ಒಂದೇ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತದೆ. ವ್ಯತ್ಯಾಸವೆಂದರೆ ಎಲ್ಲ ಅಲಗಿಗೆ ಸಿಕ್ಕಿ, ಕೊನೆಯ ತುಣುಕಿನಲ್ಲಿ ಬಲೆಗೆ ಬೀಳಲೂ ಏನೂ ಉಳಿಯುವುದಿಲ್ಲ. ಹಿಂಡು ಹೋದರೆ ನನ್ನ ಹಕ್ಕಿಗೆ ವಾಸಿಯಾಗಿ ಏನು ಪ್ರಯೋಜನ? ಒಂಟಿ ಲಾವಕ್ಕಿ ಹಕ್ಕಲದಲ್ಲಿ ಎರಡು ದಿನ ಬಾಳುವುದಿಲ್ಲ.

"ರಸ್ತೆ ಕಡಿಂದ ಶುರುಮಾಡಿ ಹಕ್ಕಲದ ಕಡಿಗೆ ಹೊಡಸು. ಅವುಕ್ಕ ಓಡಾಕ ಒಂದ ದಿಕ್ಕ ಬಿಡು" ಅಂದೆ.

"ವೈನಿ, ಒಂದ ಹಕ್ಕಿ ಸಲುವಾಗಿ ಮಶೀನ್ ಖಾಲಿ ತಿರುಗಿಸಲ್ಯಾ? ಪ್ರತಿ ಸಾಲಿಗೂ ಹಿಂದ ಬರಬೇಕು. ಊರಾಗ ನಗತಾರ. ಮ್ಯಾಲೆ ಅಡವಿ ಹಕ್ಕಿ ಮನ್ಯಾಗ ಇಟ್ಟೀರಿ, ಫಾರೆಸ್ಟಿನವರು ಬಂದ್ರ?"

"ಬರ್ಲಿ. ಕಡದಾಕಿ ನಾನು, ಸಾಕಾಕಿ ನಾನು, ಬಿಡಾಕಿನೂ ನಾನ. ಅವರಿಗೆ ಚಹಾ ಮಾಡಿ ಕೊಟ್ಟು ಹೇಳತೇನಿ."

ಅವನು ಹೂಂ ಅನ್ನಲಿಲ್ಲ. ರಾತ್ರಿ ಗಂಡನಿಗೆ ಫೋನ್ ಮಾಡಿ ನನ್ನ ಮೇಲೆ ದೂರನ್ನೂ ಹೇಳಿದ. ಗಂಡ ನನಗೆ ಫೋನ್ ಮಾಡಿ, ಅವನ ಹೊಲ ಅವನಿಷ್ಟ, ನೀನು ಯಾಕೆ ಅಡ್ಡ ಹೋಗುತ್ತೀ ಎಂದರು. ಹೊಲ ಅವನದು, ಹಕ್ಕಿಗಳು ಅವನವಲ್ಲ ಎಂದು ಫೋನ್ ಇಟ್ಟೆ.

ಮಶೀನ್ ಬಂದ ದಿನ ನಾನು ಅಡುಗೆ ಬೇಗ ಮುಗಿಸಿ ಹೊಲಕ್ಕೆ ಹೋದೆ. ಹಕ್ಕಲದ ಬದಿಯಲ್ಲಿ, ಮಶೀನ್ ಮೊದಲ ಸುತ್ತಿಗೆ ತಿರುಗಬೇಕಾದ ಮೂಲೆಯಲ್ಲಿ, ಭತ್ತದೊಳಗೆ ಕೂತುಬಿಟ್ಟೆ. ಚಾಲಕ ತಮಿಳು ಸೀಮೆಯವನು. ದೂರದಿಂದ ಹಾರ್ನ್ ಹೊಡೆದ, ಹತ್ತಿರ ಬಂದು ಹೊಡೆದ, ಆಮೇಲೆ ಎಂಜಿನ್ ಬಂದ್ ಮಾಡಿ ಡಬ್ಬಿ ಬಿಚ್ಚಿ ಊಟಕ್ಕೆ ಕೂತ. ಮೈದುನ ಬಂದು ಬೈದ, ಬೇಡಿಕೊಂಡ, ಮತ್ತೆ ಬೈದ. ಮೂಲೆಗಳನ್ನು ಕೈಯಿಂದ ಕೊಯ್ಯಲು ಬಂದಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನನಗೆ ನಾಚಿಕೆಯಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಕಿವಿ ಬಿಸಿಯಾಗಿತ್ತು. ಆದರೂ ಏಳಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಬದುವಿನ ಮೇಲಿನಿಂದ ಅತ್ತೆಯ ಧ್ವನಿ ಬಂತು. ಕೋಲೂರಿಕೊಂಡು ಮನೆಯಿಂದ ನಡೆದುಬಂದಿದ್ದರು.

"ಆಕಿ ಏಳೂದಿಲ್ಲೋ. ನಾ ಇಪ್ಪತ್ತ ವರ್ಷದಿಂದ ನೋಡೇನಿ. ಆಕಿ ಹೇಳಿದ ಕಡಿಂದ ಹೊಡಸು, ಹೊತ್ತ ಮುಳುಗೂದ್ರಾಗ ಮುಗಸು."

ಮೈದುನ ತಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ, ಚಾಲಕನಿಗೆ ಕೈಸನ್ನೆ ಮಾಡಿ ರಸ್ತೆಯ ಕಡೆ ತೋರಿಸಿದ. ಮಶೀನ್ ರಸ್ತೆಯ ಬದಿಯಿಂದ ಸಾಲು ಹಿಡಿಯಿತು. ಪ್ರತಿ ಸಾಲಿಗೂ ಖಾಲಿ ಹಿಂದಿರುಗಿತು. ನಾನು ಎದ್ದು ಸೀರೆ ಕೊಡವಿ ಬದುವಿನ ಮೇಲೆ ಅತ್ತೆಯ ಪಕ್ಕ ಕೂತೆ.

ಮುಂದಾಳು ಹೆಂಗಸು ಹತ್ತಿರ ಬಂದಳು. ಬಲೆ ಎಂದಿನಂತೆ ಚೀಲದಲ್ಲಿತ್ತು. "ಹಕ್ಕಿ ಎಲ್ಲೈತಿ?" ಎಂದು ಕೇಳಿದಳು.

"ಮನ್ಯಾಗ. ರೆಕ್ಕಿ ಇನ್ನೂ ಪೂರಾ ಆಗಿಲ್ಲ. ಇನ್ನೊಂದ ವಾರ ಇಟ್ಟಕೋಬೇಕು."

"ವಾರ ಇಟ್ಟರ ಕೆಟ್ಟಿ. ಇವತ್ತ ಬಿಡು. ಅವು ಕೂಡಿ ಕುಂತಾಗ ಬಿಟ್ಟರ, ಯಾವುದೋ ಹೊರಗಿಂದು ಅಂತ ಕುಕ್ಕಿ ಓಡಸತಾವ. ಇವತ್ತ ಎಲ್ಲಾ ಚದುರತಾವ. ಸಂಜಿಕ ಒಂದನ್ನೊಂದು ಕರಿಯೂವಾಗ ಇದೂ ಕಳಕೊಂಡವರೊಳಗ ಒಂದಾಗಿ ಹೋಗಿಬಿಡತೈತಿ. ಯಾರು ಎಷ್ಟ ದಿನದಿಂದ ಕಳದಾರ ಅಂತ ಯಾರೂ ಕೇಳೂದಿಲ್ಲ."

ಇಷ್ಟು ದಿನ ಗಾಯಕ್ಕೆ ಎಣ್ಣೆ ಸವರಿ, ಹುಳ ಹುಡುಕಿ ಸಾಕಿದವಳು ನಾನು. ಹಕ್ಕಿಯನ್ನು ತಿಳಿದವಳು ಅವಳು. ಹೊಟ್ಟೆಯುರಿಯಿತು, ನಿಜ. ಮನೆಗೆ ಹೋಗಿ ಬುಟ್ಟಿ ತಂದೆ.

ಹೊಲದ ಕೊನೆಯ ಸಾಲು ಉಳಿದಾಗ ಹಿಂಡು ಎದ್ದಿತು. ಭರ್ರೆಂದು ಹಕ್ಕಲದೊಳಗೆ ದಿಕ್ಕಿಗೊಂದು ಬಿದ್ದವು. ಮಶೀನ್ ನಿಂತ ಮೇಲೆ ಸುತ್ತಲೂ ಸದ್ದಿಲ್ಲ. ಬಿಸಿಲು ಇಳಿಯುವವರೆಗೆ ಕಾದು, ಹಕ್ಕಲದ ಅಂಚಿನಲ್ಲಿ ಬುಟ್ಟಿಯ ಬಟ್ಟೆ ಬಿಚ್ಚಿ ವಾಲಿಸಿದೆ. ಅದು ಹೊರಬಂದು ನಾಲ್ಕು ಹೆಜ್ಜೆ ಓಡಿ ಹುಲ್ಲಿನ ಬುಡದಲ್ಲಿ ನಿಂತಿತು. ಕರೆಯಲಿಲ್ಲ. ಹಕ್ಕಲದಿಂದಲೂ ದನಿ ಬರಲಿಲ್ಲ. ದಿನವೆಲ್ಲ ಮಶೀನ್ ಅಬ್ಬರಿಸಿ ಅವುಗಳ ಬಾಯಿ ಕಟ್ಟಿತ್ತು. ಬೆಳಕು ಕಡಿಮೆಯಾಗುತ್ತಾ ಬಂತು. ನಾನು ತಪ್ಪು ಮಾಡಿದೆ, ಎರಡನೆಯ ಸಲ ಕೊಂದೆ ಎಂದು ಕಣ್ಣು ತುಂಬಿ ಬಂತು.

ಆಗ ಮುಂದಾಳು ಹೆಂಗಸು ನನ್ನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು, ತುಟಿ ಸಣ್ಣ ಮಾಡಿ ಸಿಳ್ಳೆ ಹಾಕಿದಳು. ಲಾವಕ್ಕಿಯದೇ ಸಿಳ್ಳೆ. ಇದೇ ದನಿಯಲ್ಲಿ ಕರೆದೇ ಅವಳು ಹಿಂಡನ್ನು ಬಲೆಗೆ ತರುತ್ತಿದ್ದಳೆಂದು ಹೇಳದೆಯೇ ತಿಳಿಯಿತು. ನಿಲ್ಲಿಸಿ, ಮತ್ತೊಮ್ಮೆ ಹಾಕಿದಳು. ಕಾರೆಯ ಪೊದೆಯಿಂದ ಒಂದು ಉತ್ತರ ಬಂತು. ಅದರಾಚೆಯಿಂದ ಇನ್ನೊಂದು. ಹುಲ್ಲಿನ ಬುಡದಲ್ಲಿದ್ದ ನಮ್ಮದು ಕತ್ತು ನಿಗುರಿಸಿ ತಾನೂ ಕರೆಯಿತು. ಬಲಗಡೆ ರೆಕ್ಕೆ ತುಸು ಜೋಲುತ್ತಾ ಒಂದು ಮಾರು ಹಾರಿತು, ಇಳಿಯಿತು, ಓಡುತ್ತಾ ಪೊದೆಯೊಳಗೆ ಹೋಯಿತು. ಸಿಳ್ಳೆಗಳು ಹತ್ತಿರ ಹತ್ತಿರವಾಗಿ ಒಂದೇ ಕಡೆ ಕೂಡಿದವು, ಆಮೇಲೆ ನಿಂತವು.

"ಕೂಡಿದವು" ಎಂದಳು ಅವಳು. ಚೀಲ ಹೆಗಲಿಗೇರಿಸಿಕೊಂಡು ಎದ್ದಳು. "ಹುಟ್ಟಿದಾಗಿಂದ ಕರದೇನಿ. ಸುಳ್ಳ ಕರೀಲಾರದ್ದು ಇದೊಂದ ಸಲ."

ಆಮೇಲಿನ ಸುಗ್ಗಿಗಳಲ್ಲಿ ನನ್ನ ಹೊಲ ಒಂದೇ ಬದಿಯಿಂದ ಕೊಯ್ಲಾಗುತ್ತದೆ. ಮೈದುನನೂ ಗೊಣಗುತ್ತಲೇ ಹಾಗೆ ಹೊಡೆಸುತ್ತಾನೆ. ಊರವರು ನಗುತ್ತಾರೆ, ನಗಲಿ. ಕೊಯ್ಲಿನವರ ಪಾಲನ್ನು ನಾನು ಕಿತ್ತುಕೊಂಡದ್ದು ನಿಜ. ಬದಲಿಗೆ ಕೊಡುವ ಭತ್ತ ಹಕ್ಕಿಗೆ ಸಮನಲ್ಲ ಎಂದು ಮುಂದಾಳು ಹೆಂಗಸು ಪ್ರತಿ ಸಲವೂ, ಭತ್ತ ಚೀಲಕ್ಕೆ ತುಂಬಿಕೊಳ್ಳುತ್ತಲೇ, ಹೇಳುತ್ತಾಳೆ. ಬೇರೆಯವರ ಹೊಲದಲ್ಲಿ ಅವಳ ಬಲೆ ಈಗಲೂ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ನಾನು ಬಾಯಿ ಹಾಕುವುದಿಲ್ಲ. ನನ್ನ ಹೊಲದಲ್ಲಿ ಮಾತ್ರ ಕೊನೆಯ ಸಾಲಿಗೆ ಬಂದಾಗ ಎಲ್ಲರೂ ಕುಡಗೋಲು ಕೆಳಗಿಟ್ಟು ಚಹಾ ಕುಡಿಯುತ್ತೇವೆ, ಹಕ್ಕಲದ ಕಡೆ ಮುಖ ಮಾಡಿ.