ಗಾಳಿಬೀಡಿನ ಕಂಬವಿಲ್ಲದ ಟ್ಯಾಂಕ್

ಗಾಳಿಬೀಡಿನ ಗಾನವಿ ಏಳು ವರ್ಷಗಳಿಂದ ಎತ್ತರದ ಉಕ್ಕಿನ ಕಟ್ಟಡಗಳ ಭಾರ-ಬಲದ ಲೆಕ್ಕ ಮಾಡುತ್ತಿದ್ದಾಳೆ. ಮೈಸೂರಿನ ಒಂದು ಕಚೇರಿಗೆ ಮನೆಯಿಂದಲೇ ಕೆಲಸ. ಅವಳ ಪಾಲಿಗೆ ಬರುವುದು ಡಯಾಗ್ರಿಡ್ ಕಟ್ಟಡಗಳು: ಅವುಗಳಲ್ಲಿ ನೆಟ್ಟಗಿನ ಕಂಬಗಳಿಲ್ಲ, ಓರೆ ಪೈಪುಗಳು ಸೇರಿ ತ್ರಿಕೋನಗಳ ಬಲೆಯಾಗಿ ಹೊರಮೈಯಲ್ಲೇ ಭಾರ ಹೊರುತ್ತವೆ. ಅವೆಲ್ಲ ದೂರದ ನಗರಗಳಲ್ಲಿ ಎದ್ದಿವೆ. ಒಂದನ್ನೂ ಅವಳು ಕೈಯಿಂದ ಮುಟ್ಟಿರಲಿಲ್ಲ.

ಹಾಗಾಗಿ ಪಕ್ಕದ ತೋಟದ ಪದ್ಮಯ್ಯ ಗುಡ್ಡದ ನೆತ್ತಿಯಲ್ಲಿರುವ ಕೆಲಸಗಾರರ ಲೈನ್ ಮನೆಗಳಿಗೆ ನೀರಿನ ಟ್ಯಾಂಕ್ ಕೂರಿಸಲು ಆರು ಮೀಟರ್ ಸ್ಟ್ಯಾಂಡ್ ಬೇಕೆಂದಾಗ, ತಾನು ಮಾಡಿಕೊಡುತ್ತೇನೆ ಎಂದು ಗಾನವಿಯೇ ಮುಂದೆ ಬಂದಳು.

“ನಾಲ್ಕು ಕಂಬದ ಸ್ಟ್ಯಾಂಡಿಗಿಂತ ಒಂದು ರೂಪಾಯಿ ಜಾಸ್ತಿ ಆದ್ರೂ ನಂಗೆ ಬೇಡ ಮಗ್ಳೇ,” ಎಂದ ಪದ್ಮಯ್ಯ. “ಚೆಂದ ನೋಡಿಕೆ ನಂಗೆ ಸಮಯ ಇಲ್ಲೆ.”

ಅವಳು ಒಪ್ಪಿದಳು. ಗಾಳಿ ತಳ್ಳಿದಾಗ ಬರೀ ಕಂಬಗಳ ಸ್ಟ್ಯಾಂಡ್ ಬಾಗಲು ನೋಡುತ್ತದೆ, ಅದಕ್ಕೇ ಕಂಬ ದಪ್ಪ ಬೇಕು. ತ್ರಿಕೋನ ಬಾಗುವುದಿಲ್ಲ, ನೀರಿನ ಭಾರವೂ ಗಾಳಿಯ ತಳ್ಳುವಿಕೆಯೂ ಪೈಪಿನ ಉದ್ದಕ್ಕೇ ಇಳಿದುಹೋಗುತ್ತವೆ, ಸಣ್ಣ ಪೈಪು ಸಾಕಾಗುತ್ತದೆ. ಎಂಟು ಮುಖ, ನಾಲ್ಕು ಹಂತ, ನಡುವೆ ದುಡಿ ವಾದ್ಯದ ಹಾಗೆ ತೆಳುವಾದ ಸೊಂಟ. ಉಕ್ಕಿನಲ್ಲಿ ಕಾಲು ಭಾಗ ಉಳಿತಾಯವಾಯಿತು. ನಕ್ಷೆಯನ್ನು ಅವಳು ತಿರುತಿರುಗಿ ನೋಡಿದಳು.

ಕುಶಾಲನಗರದಲ್ಲಿ ಫ್ಯಾಬ್ರಿಕೇಶನ್ ಶೆಡ್ ಇಟ್ಟಿರುವ ಧರ್ಮೇಶ್ ಕೂಡ ತಿರುತಿರುಗಿ ನೋಡಿದ.

“ಮೇಡಂ, ಇದು ಟ್ಯಾಂಕ್ ಸ್ಟ್ಯಾಂಡೋ, ಮದ್ವೆಗೆ ಕೊಡೋ ಗಿಫ್ಟೋ?”

“ಯಾಕೆ? ಕಬ್ಬಿಣ ಕಮ್ಮಿನೇ ಇದೆಯಲ್ಲ?”

“ಕಬ್ಬಿಣ ಕಮ್ಮಿ, ಸರಿ. ಜಾಯಿಂಟ್ ನಲವತ್ತು! ಒಂದು ಸಾಲಿನ ಥರ ಇನ್ನೊಂದು ಸಾಲಿಲ್ಲ. ಪೈಪ್ ತುದಿನ ಒಂದೊಂದ್ಸಲನೂ ಬೇರೆ ಓರೆಗೆ ಕತ್ತರಿಸ್ಬೇಕು. ನೀವು ಉಳಿಸಿದ್ದನ್ನೆಲ್ಲ ನಮ್ಮ ವೆಲ್ಡರ್ ತಿಂದ್ಹಾಕ್ತಾನೆ.”

ಗಾನವಿಗೆ ನಗು ಬಂತು. ಖರ್ಚು ಕೂತಿರುವುದು ತೂಕದಲ್ಲಿ ಮಾತ್ರವಲ್ಲ, ಪೈಪುಗಳು ಸೇರುವ ಕೂಡುಗಳಲ್ಲೂ ಎಂದು ಕಚೇರಿಯ ವರದಿಗಳಲ್ಲಿ ಅವಳೇ ಎಷ್ಟೋ ಸಲ ಬರೆದಿದ್ದಳು. ತನ್ನ ಸ್ವಂತ ನಕ್ಷೆಯಲ್ಲಿ ದುಡಿಯ ಸೊಂಟ ಅದನ್ನು ಮರೆಸಿತ್ತು.

ಸೊಂಟ ಹೋಯಿತು. ಎಂಟು ಮುಖ ಆರಾಯಿತು, ನಾಲ್ಕು ಹಂತ ಮೂರಾಯಿತು. ಪೈಪು ತೀರಾ ನೆಟ್ಟಗಾದರೆ ಗಾಳಿಗೆ ಸೋಲುತ್ತದೆ, ತೀರಾ ಮಲಗಿದರೆ ಭಾರಕ್ಕೆ; ಅರವತ್ತೊಂಬತ್ತು ಡಿಗ್ರಿಯ ಹತ್ತಿರ ಎರಡೂ ರಾಜಿಯಾದವು. ಈಗ ಕೂಡು ಇಪ್ಪತ್ನಾಲ್ಕೇ, ಓರೆ ಪೈಪುಗಳೆಲ್ಲ ಒಂದೇ ಉದ್ದ. ಒಂದು ಅಚ್ಚು ಮಾಡಿಕೊಂಡರೆ ಧರ್ಮೇಶನಿಗೆ ಸಾಕು. ಅವನ ದರ ಇಳಿಯಿತು. ಆದರೂ ನಾಲ್ಕು ಕಂಬದ ದರಕ್ಕಿಂತ ತುಸು ಮೇಲೆಯೇ ನಿಂತಿತು.

ಜಾಗ ನೋಡಲು ಧರ್ಮೇಶ್ ಬಂದ ದಿನ ಗಾನವಿ ಎರಡೂ ದರಗಳನ್ನು ಪದ್ಮಯ್ಯನಿಗೆ ಹೇಳಿದಳು.

“ಹಾಂಗಾರೆ ನಾಲ್ಕು ಕಂಬನೇ ಆಗ್ಲಿ,” ಎಂದ ಪದ್ಮಯ್ಯ. ಮಾತು ಮಾತೇ. ಗಾನವಿ ನಕ್ಷೆ ಮಡಿಸಿದಳು. ಅವನು ಧರ್ಮೇಶನ ಕಡೆ ತಿರುಗಿದ. “ಕಂಬ ಯಾವಾಗ ಮೇಲೆ ಬರ್ತದೆ?”

“ನೀವು ದಾರಿ ಕೊಟ್ಟಾಗ ಸಾರ್. ಆರು ಮೀಟರ್ ಕಂಬ ಕಾಲುದಾರಿಲಿ ತಿರುಗಲ್ಲ. ಜೀಪ್ ಬರ್ಬೇಕು, ನಿಲ್ಸೋಕೆ ಸಣ್ಣ ಕ್ರೇನ್ ಬರ್ಬೇಕು. ಹಿಂಗೆ.” ಅವನ ಕೈ ಗುಡ್ಡದ ಬುಡದಿಂದ ನೆತ್ತಿಯವರೆಗೆ, ಕಾಪಿ ಗಿಡಗಳ ಸಾಲುಗಳ ಮೇಲೆ ಸಾಗಿತು.

ಪದ್ಮಯ್ಯ ಆ ಗೆರೆಯನ್ನು ಕಣ್ಣಲ್ಲೇ ಅಳೆದ. “ಅಷ್ಟೂ ಗಿಡ ಕಡಿಯೊಕಾ? ನನ್ನ ಅಪ್ಪ ನೆಟ್ಟ ಗಿಡ!” ಗಾನವಿಯ ಕಡೆ ತಿರುಗಿ ಕೇಳಿದ, “ನಿನ್ನ ಓರೆ ಪೈಪಿಗೆ ಎಷ್ಟು ಗಿಡ ಕಡಿಯೊಕು?”

ಗಾನವಿ ನಕ್ಷೆ ಮತ್ತೆ ಬಿಚ್ಚಿದಳು. ಪೈಪು ಆಳುದ್ದಕ್ಕಿಂತ ತುಸು ಉದ್ದ, ಅಷ್ಟೇ.

“ಒಂದೂ ಇಲ್ಲೆ ಮಾವ! ಇಬ್ಬರು ಹೆಗಲಲ್ಲಿ ಹೊತ್ಕಂಡ್ ಸಾಲಿನ ನಡುವೆ ನಡ್ದರೆ ಆತ್. ಮೇಲೆ ಬೋಲ್ಟ್ ಹಾಕಿ ಸೇರ್ಸುದು. ಕ್ರೇನೂ ಬೇಡ.”

“ಇದ್ನ ಮೊದ್ಲೇ ಹೇಳಿಕೆ ಎಂತ ಆಗಿತ್ತ್ ನಿಂಗೆ?”

ಅವಳಿಗೆ ಹೊಳೆದೇ ಇರಲಿಲ್ಲ. ಅವಳು ಲೆಕ್ಕ ಮಾಡಿದ ಕಟ್ಟಡಗಳಿದ್ದ ಊರುಗಳಲ್ಲೆಲ್ಲ ಅಗಲವಾದ ರಸ್ತೆ, ಕ್ರೇನು ಇದ್ದೇ ಇರುತ್ತಿದ್ದವು.

ಕಾಪಿ ಕೊಯ್ಲು ಮುಗಿದ ಮೇಲೆ ಪೈಪುಗಳು ಹೆಗಲೇರಿ ಗುಡ್ಡ ಹತ್ತಿದವು. ಒಂದು ರೆಂಬೆಯೂ ಮುರಿಯಲಿಲ್ಲ ಎಂದು ಪದ್ಮಯ್ಯ ಈಗಲೂ ಹೇಳುತ್ತಾನೆ; ಎರಡು ಮುರಿದಿದ್ದವು. ಟ್ಯಾಂಕ್ ತುಂಬಿದ ದಿನ ಲೈನ್ ಮನೆಯ ಮುತ್ತಮ್ಮ ನಲ್ಲಿ ತಿರುಗಿಸಿ, “ಅಕ್ಕಾ, ಬಂತು! ಸೀರೆಯೆಲ್ಲ ನೆನೀತು!” ಎಂದು ಕೂಗಿದಳು.

ಗಾನವಿ ಸ್ಟ್ಯಾಂಡಿನ ಒಂದು ಕೂಡಿನ ಮೇಲೆ ಅಂಗೈ ಇಟ್ಟಳು. ಬಣ್ಣ ಬಿಸಿಲಿಗೆ ಬೆಚ್ಚಗಿತ್ತು. ಮೇಲೆ ಐದು ಸಾವಿರ ಲೀಟರ್ ನೀರು, ಗಾಳಿ ಜೋರಾಗಿಯೇ ಬೀಸುತ್ತಿತ್ತು. ಕೈಗೆ ಏನೂ ಅಲುಗಾಡಿದಂತೆ ತಿಳಿಯಲಿಲ್ಲ.

ಪದ್ಮಯ್ಯ ಸ್ಟ್ಯಾಂಡಿಗೆ ಒಂದು ಸುತ್ತು ಬಂದ. “ಕರಿಮೆಣಸಿನ ಬಳ್ಳಿ ಹಬ್ಬಿಸಿಕೆ ಇದಕ್ಕಿಂತ ಒಳ್ಳೆ ಮರ ಇಲ್ಲೆ.”

“ಎಲೆ ಗಾಳಿ ಹಿಡಿತದೆ ಮಾವ. ಲೆಕ್ಕ ಮಾಡಿ ನೋಡೊಕು.”

“ಮಾಡು. ಬಳ್ಳಿ ನಾಳೆಯೇ ನೆಡುವ.”

ಅವಳು ಕೈ ತೆಗೆಯದೆಯೇ ಎಲೆಗಳ ಲೆಕ್ಕ ಶುರುಮಾಡಿದಳು.