ವೈನಿಯ ಪಾಳಿ

ರಾಮತೀರ್ಥ ನಗರದ ಸಪ್ನಾಳ ಮನೆಗೆ ಬಂದವರ ಕಣ್ಣು ಮೊದಲು ಹೋಗುವುದು ಗಾಜಿನ ಕಪಾಟಿನ ಕಡೆಗೆ. ಬೇರೆಯವರ ಮನೆಯಲ್ಲಾದರೆ ಅಲ್ಲಿ ಗೊಂಬೆ, ಕಪ್ಪುಬಸಿ, ಮಕ್ಕಳು ಗೆದ್ದ ಶೀಲ್ಡು ಇರುತ್ತವೆ. ಇಲ್ಲಿ ಮೇಲಿನಿಂದ ಕೆಳಗಿನವರೆಗೂ ಬೋರ್ಡ್ ಗೇಮ್ ಡಬ್ಬಿಗಳು. ರೈಲು ಹಾದಿ ಹಾಕುವ ಆಟ, ದ್ವೀಪದಲ್ಲಿ ಊರು ಕಟ್ಟುವ ಆಟ, ಎಲ್ಲರೂ ಸೇರಿ ರೋಗ ಓಡಿಸುವ ಆಟ. ಎಲ್ಲವೂ ಒಳ್ಳೆಯವು, ತೊಂದರೆ ಇರುವುದೇ ಅಲ್ಲಿ. ಒಂದಾದರೂ ಕಳಪೆಯಾಗಿದ್ದರೆ ಓಣಿಯ ಮಕ್ಕಳಿಗೆ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಅರ್ಧದಷ್ಟು ಡಬ್ಬಿಗಳ ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ಹರಿದಿಲ್ಲ.

ಸಪ್ನಾ ಖಾಸಬಾಗದ ಸಹಕಾರಿ ಬ್ಯಾಂಕೊಂದರಲ್ಲಿ ಕೌಂಟರಿನ ಹಿಂದೆ ಕೂರುತ್ತಾಳೆ. ಆಟದ ನಿಯಮಗಳನ್ನು ಓದಿಕೊಳ್ಳುವುದು ಸಿಟಿ ಬಸ್ಸಿನಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದು. ಹಾಗಾಗಿ ಮನೆಯಲ್ಲಿ ಆಟ ಹೇಳಿಕೊಡುವವಳು ಆಕೆಯೇ. ಭಾನುವಾರ ಎಲ್ಲರನ್ನೂ ಕೂರಿಸಿ, ಇಸ್ಪೀಟಿನಂಥ ಹಾಳೆ ಹಂಚಿ, ನಿಯಮ ಬಿಡಿಸಿ ಹೇಳಿ ಮುಗಿಸುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ. ದೀಪಾವಳಿಗೆ ನಾದಿನಿಯ ಮನೆಯವರು ಬಂದಾಗಲೂ ಹಾಗೆಯೇ ಆಯಿತು. ನಿನ್ನ ಪಾಳಿ ನಾ ಆಡತೀನಿ, ನೀ ಚಹಾ ನೋಡು ಎಂದ ಗಂಡ ಪ್ರಸಾದ. ಚಹಾದ ಹಿಂದೆ ಚುರಮುರಿ, ಚುರಮುರಿಯ ಹಿಂದೆ ಊಟ. ಆಕೆ ಕೈ ಒರೆಸಿಕೊಂಡು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸಪ್ನಾ ಗೆದ್ದಿದ್ದಳಂತೆ.

ಪ್ರಸಾದ ಕೆಟ್ಟವನಲ್ಲ. ಹೆಂಡತಿಯ ಮುಖ ಯಾಕೋ ಅರಳಲಿಲ್ಲ ಎಂಬುದು ಅವನಿಗೂ ಕಂಡಿತು. ವಾರದೊಳಗೆ ಇನ್ನೊಂದು ಆಟ ತರಿಸಿಕೊಟ್ಟ.

ಆಗಲೇ ಸಪ್ನಾ ನಾಗರ ಪಂಚಮಿಯ ಮೇಲೆ ಕಣ್ಣಿಟ್ಟದ್ದು. ಹಬ್ಬಕ್ಕೆ ತವರಿಗೆ, ಖಾನಾಪುರಕ್ಕೆ ಹೋಗುವುದು ಇದ್ದೇ ಇತ್ತು. ಮುನ್ನಾದಿನ ರೊಟ್ಟಿ ಹಬ್ಬ. ಬೇಕಾದಷ್ಟು ರೊಟ್ಟಿ ಬಡಿದು ಓಣಿಗೆಲ್ಲ ಹಂಚಿ ಮುಗಿದಿರುತ್ತದೆ. ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ, ಈಳಿಗೆ ಮುಟ್ಟುವಂತಿಲ್ಲ, ಎಣ್ಣೆಯಲ್ಲಿ ಏನನ್ನೂ ಕರಿಯುವಂತಿಲ್ಲ. ಹಂಚಿಗೆ ರಜೆ ಇದ್ದ ದಿನ ಹೆಂಗಸಿಗೂ ರಜೆಯೇ ಎಂದು ಲೆಕ್ಕ ಹಾಕಿದಳು. ಚಿಕ್ಕವಳಿದ್ದಾಗ ಅದೇ ಮನೆಯ ಪಡಸಾಲೆಯಲ್ಲಿ ಹೆಂಗಸರು ನೆಲದ ಮೇಲೆ ಚೌಕದ ಮನೆ ಬರೆದು, ಹುಣಸೆ ಬೀಜ ಚೆಲ್ಲಿ ಮಧ್ಯಾಹ್ನವೆಲ್ಲ ಚಕ್ಕಾ ಆಡಿದ್ದು ಕಣ್ಣಿಗೆ ಕಟ್ಟಿದಂತಿತ್ತು. ಅಣ್ಣನ ಹೆಂಡತಿ ಸಮೃದ್ಧಿ ವೈನಿಗೆ ಮೊದಲೇ ಫೋನು ಮಾಡಿ ಹೇಳಿದಳು: ನೀವು, ನಾನು, ಅಪ್ಪ, ಮೂರು ಮಂದಿ ಸಾಕು, ಒಂದೇ ಒಂದು ಆಟ ಶುರುವಿನಿಂದ ಕೊನೆಯವರೆಗೆ ಕೂತು ಆಡಬೇಕು. ವೈನಿ ಸಣ್ಣ ಹುಡುಗಿಯ ಹಾಗೆ ಹೂಂ ಅಂದಿದ್ದಳು.

ಸಪ್ನಾ ಒಂದನ್ನು ಮರೆತಿದ್ದಳು. ಸುಡಬಾರದು, ಹೆಚ್ಚಬಾರದು, ಕರಿಯಬಾರದು ಎಂದ ಹಿರಿಯರು ಕುದಿಸಬಾರದು ಎಂದಿರಲಿಲ್ಲ.

ನಾಗಪ್ಪನಿಗೆ ಹಾಲೆರೆದು ಬಂದ ಮೇಲೆ ಪಡಸಾಲೆಯಲ್ಲಿ ಜಮಖಾನೆ ಹಾಸಿ ಸಪ್ನಾ ತಂದಿದ್ದ ರೈಲಿನ ಆಟ ಬಿಚ್ಚಿದರು. ಅಣ್ಣ ಆಕಾಶ ಗೆಳೆಯರ ಜೋಡಿ ತಿರುಗಲು ಹೋಗಿದ್ದ. ಅಪ್ಪ ಕಲ್ಲಯ್ಯ ಕನ್ನಡಕ ಏರಿಸಿ ಕೆಂಪು ಗಾಡಿ ಆರಿಸಿಕೊಂಡರು, ವೈನಿ ಹಳದಿ. ನಿಯಮವನ್ನು ಎರಡನೇ ಸಲ ಹೇಳುವ ಪ್ರಸಂಗ ಬರಲಿಲ್ಲ. ಮೊದಲ ಪಾಳಿಯಲ್ಲೇ ವೈನಿ ಸಪ್ನಾಳ ಹಾದಿಗೆ ಅಡ್ಡ ಒಂದು ಗಾಡಿ ಇಟ್ಟು, ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

"ಈಗ ಹೆಂಗ ಹೋಗ್ತೀ ಹೋಗು, ಸುತ್ತಹಾಕಿ."

ಇಷ್ಟು ಚುರುಕಾಗಿ ಆಡುವವರನ್ನು ಸಪ್ನಾ ಕಂಡಿರಲಿಲ್ಲ. ತನ್ನ ಕಪಾಟಿನ ಎಲ್ಲ ಡಬ್ಬಿಗಳೂ ಇವಳೊಬ್ಬಳಿಗಾಗಿಯೇ ಕಾದು ಕೂತಿವೆ ಅನ್ನಿಸಿತು.

ಅಷ್ಟರಲ್ಲಿ ಒಳಗೆ ಕಡಬಿನ ಪಾತ್ರೆಯ ಮುಚ್ಚಳ ಕುಣಿಯತೊಡಗಿತು. ವೈನಿ ಎದ್ದಳು. ಬಂದು ಕೂತು ಕೈಗೆ ಹಾಳೆ ತಗೊಳ್ಳುವಷ್ಟರಲ್ಲಿ ಬಾಜು ಮನೆಯವರು ಉಂಡಿಯ ತಾಟು ಹಿಡಿದು ಬಂದರು. ಹಬ್ಬದ ತಾಟನ್ನು ಬರಿದಾಗಿ ವಾಪಸ್ ಕೊಡುವಂತಿಲ್ಲ. ಅದನ್ನು ತೊಳೆದು, ನಮ್ಮ ಉಂಡಿ ಇಟ್ಟು, ಜೋಳದ ಅಳ್ಳು ಹಾಕಿ, ಅರಿಶಿನ ಕುಂಕುಮ ಕೊಟ್ಟು ಕಳಿಸಬೇಕು. ಅವರು ಹೋದರೆ ಎದುರು ಮನೆಯ ಮರಾಠಿಯವರು. ಆಮೇಲೆ ಮಾವ ಕಲ್ಲಯ್ಯನವರಿಗೆ ಚಹಾ. ಮತ್ತೆ ಅರಿಶಿನ ಎಲೆಯಲ್ಲಿ ಕಡಬಿನ ಎರಡನೇ ಒಬ್ಬೆ.

ಸಪ್ನಾ ಸೀರೆ ಎತ್ತಿ ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದಳು. ವೈನಿ ಅವಳ ಕೈಯಿಂದ ತಾಟು ಕಸಿದುಕೊಂಡಳು.

"ನೀ ಹೊರಗ ಕುಂದರು. ತವರಿಗೆ ಬಂದ ಮಗಳು ತಾಟು ತೊಳಿಯೂದು ನೋಡಿದ್ರ ಓಣ್ಯಾಗ ನನಗೇನಂತಾರ?"

ಅದೂ ಖರೆಯೇ. ಒಳಗೆ ನಿಂತು ದುಡಿದರೆ ವೈನಿಗೆ ಮಾತು ಬರುತ್ತದೆ. ಹೊರಗೆ ಕೂತರೆ ಆಟಕ್ಕೆ ವೈನಿ ಇಲ್ಲ. ಸಪ್ನಾ ಬಂದು ಮತ್ತೆ ಜಮಖಾನೆಯ ಮೇಲೆ ಕೂತಳು. ಕಲ್ಲಯ್ಯ ಬಹಳ ಹೊತ್ತಿನಿಂದ ಕೆಂಪು ಗಾಡಿಯೊಂದನ್ನು ಬೆರಳ ನಡುವೆ ತಿರುಗಿಸುತ್ತಿದ್ದರು.

"ಆಕಿ ಪಾಳಿ ನೀನ ಆಡಿಬಿಡವಾ. ಆಕಿಗೇನು, ಬಂದ ಮ್ಯಾಲೆ ಹೇಳಿದ್ರಾತು."

ಸಪ್ನಾಳ ಕೈ ಹಳದಿ ಗಾಡಿಯ ಕಡೆಗೆ ಚಾಚಿಯೂ ಆಗಿತ್ತು. ಅಲ್ಲಿಯೇ ನಿಂತಿತು. ಈ ಮಾತನ್ನು ಎಲ್ಲಿ ಕೇಳಿದ್ದೇನೆಂದು ನೆನಪಿಸಿಕೊಳ್ಳಬೇಕಾಗಿರಲಿಲ್ಲ. ದೀಪಾವಳಿಯ ದಿನ ಜಮಖಾನೆಯ ಮೇಲೆ ಕಾಲು ಚಾಚಿ ಕೂತು, ಸಪ್ನಾನೂ ಬಂದಿದ್ರ ಭಾರಿ ಮಜಾ ಬರತಿತ್ತು ಎಂದು ಒಳಗಿನವರಿಗೆ ಕೇಳುವಂತೆ ಹೇಳಿದ್ದ ನಾದಿನಿಯೂ ಕೆಟ್ಟವಳಾಗಿರಲಿಲ್ಲ. ಆ ಜಾಗದಲ್ಲಿ ಇವತ್ತು ತಾನು ಕೂತಿದ್ದೇನೆ.

ಹುಣಸೆ ಬೀಜದ ಚಕ್ಕಾ ಕೂಡ ಈಗ ಸರಿಯಾಗಿ ನೆನಪಾಯಿತು. ಆಡುತ್ತಿದ್ದವರು ಅಪ್ಪನ ಅಕ್ಕತಂಗಿಯರು. ತೀರಿಹೋದ ತನ್ನವ್ವ ಆ ಚೌಕದ ಸುತ್ತ ಎಲ್ಲಿಯೂ ಇರಲಿಲ್ಲ. ಆಗಾಗ ಅಡುಗೆಮನೆಯ ಬಾಗಿಲಿಗೆ ಬಂದು, ಹಿಟ್ಟಿನ ಕೈ ಎತ್ತಿ ಹಿಡಿದು, ಯಾರು ಗೆದ್ರು ಎಂದು ಕೇಳಿ ಹೋಗುತ್ತಿದ್ದಳು ಅಷ್ಟೇ.

ಸಪ್ನಾ ವೈನಿಯ ಹಾಳೆಗಳನ್ನು ತೆಗೆದುಕೊಂಡು ಒಳಗೆ ಹೋದಳು. ಬೋರ್ಡನ್ನೇ ಒಯ್ಯಬೇಕೆಂದಿದ್ದಳು, ಅಲ್ಲಿ ನೆಲವೆಲ್ಲ ತಾಟು, ಎಲೆ, ಪಾತ್ರೆ. ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ ವೈನಿಯ ಮುಖದ ಮುಂದೆ ಹಿಡಿದಳು. ವೈನಿಯ ಎರಡೂ ಕೈ ಅಕ್ಕಿ ಹಿಟ್ಟಿನಲ್ಲಿದ್ದವು. ಗದ್ದ ಎತ್ತಿ ಒಂದು ಹಾಳೆ ತೋರಿಸಿದಳು, ಅಲ್ಲ ಅಂದಳು, ಕೊನೆಗೆ ಹಿಟ್ಟಿನ ಬೆರಳಿನಿಂದಲೇ ಇನ್ನೊಂದನ್ನು ಮುಟ್ಟಿದಳು. ಆ ಒಂದು ಪಾಳಿ ಹಾಗೆ ಆಯಿತು. ಸಪ್ನಾ ಹೊರಬಂದು ಗಾಡಿ ಇಡುವಷ್ಟರಲ್ಲಿ ಅಪ್ಪ ಕೂತಲ್ಲೇ ನಿದ್ದೆ ಹೋಗಿದ್ದರು. ಬಾಗಿಲಲ್ಲಿ ಇನ್ನೊಂದು ಉಂಡಿಯ ತಾಟು ನಿಂತಿತ್ತು.

ಬಸ್ಸಿನ ಹೊತ್ತಾಯಿತು. ವೈನಿ ಡಬ್ಬಿಯಲ್ಲಿ ಕಡಬು ತುಂಬಿ ಕೊಟ್ಟಳು. ನಾಳೆ ಅವಳು ನಂದಗಡದ ತನ್ನ ತವರಿಗೆ ಹೋಗುವವಳಿದ್ದಳು. ಈ ಆಟ ಒಯ್ಯಿರಿ, ಅಲ್ಲಿಯಾದರೂ ಆಡಿ ಎಂದಳು ಸಪ್ನಾ. ವೈನಿ ಆಟದ ಡಬ್ಬಿಯ ಮೇಲಿನ ರೈಲಿನ ಚಿತ್ರವನ್ನು ಒಂದು ಗಳಿಗೆ ನೋಡಿದಳು.

"ಅಲ್ಲಿ ಯಾರ ಜೋಡಿ ಆಡ್ಲಿ? ನಮ್ಮ ತಮ್ಮನ ಹೆಣ್ತಿ ಒಳಗಿರ್ತಾಳ."

ನಗುತ್ತಲೇ ಹೇಳಿದಳು. ಸಪ್ನಾ ತನ್ನ ಕೂದಲಿನ ರಬ್ಬರ್ ಬಿಚ್ಚಿ, ವೈನಿಯ ಹಾಳೆಗಳನ್ನು ಬೇರೆಯಾಗಿ ಕಟ್ಟಿ ಡಬ್ಬಿಯೊಳಗೆ ಇಟ್ಟಳು.

ಮನೆಯಲ್ಲಿ ಪ್ರಸಾದ ಉಮೇದಿನಿಂದ ಕಾಯುತ್ತಿದ್ದ. ಹೊಸದೊಂದು ಆಟ ಬಂದಿದೆಯಂತೆ, ಒಬ್ಬರೇ ಆಡುವಂಥದ್ದು. ಇನ್ನು ಯಾರ ದಾರಿಯನ್ನೂ ಕಾಯಬೇಕಿಲ್ಲವಂತೆ. ಚೆಂದದ ಡಬ್ಬಿ, ಒಳ್ಳೆಯ ಆಟವೇ ಇರಬೇಕು. ಛಲೋ ಆತು ಎಂದಳು. ಅವನು ತನ್ನ ರೂಢಿಯಂತೆ ಖಾನಾಪುರದಿಂದ ಮರಳಿ ಬಂದ ಆಟದ ಡಬ್ಬಿ ತೆರೆದು ಎಲ್ಲ ಸರಿ ಇವೆಯೋ ನೋಡತೊಡಗಿದ. ಕಟ್ಟಿಟ್ಟ ಹಾಳೆಗಳು ಕೈಗೆ ಬಂದವು. ಒಂದರ ಮೇಲೆ ಒಣಗಿದ ಹಿಟ್ಟಿನ ಬೆರಳ ಗುರುತು.

"ಇದನ್ಯಾರು ಹೊಲಸು ಮಾಡಿದ್ರು? ಬಿಚ್ಚಿ ಕೂಡಿಸಿ ಇಡು, ಮುಂದಿನ ಸಲ ಆಟ ತಪ್ಪತೈತಿ."

"ಬಿಚ್ಚಬ್ಯಾಡ್ರಿ," ಅಂದಳು ಸಪ್ನಾ. "ಅದು ವೈನಿ ಪಾಳಿ."

ಅವನು ಮುಂದೆ ಏನೋ ಕೇಳುವವನಿದ್ದ. ಅಷ್ಟರಲ್ಲಿ ಅತ್ತೆ ಗಂಗಾದೇವಿ ಒಳಗಿನಿಂದ, ಸಪ್ನಾ ಬಂದ್ಲೇನು, ಬೆಳಗಿನಿಂದ ತೊಳಿಯೂ ಭಾಂಡೆ ಹಾಗೇ ಬಿದ್ದಾವ ಎಂದರು. ಸಪ್ನಾ ಕಪಾಟು ತೆರೆದಳು. ಹಳೆಯ ಡಬ್ಬಿ ಇಟ್ಟ ಮೇಲೆ ಹೊಸದಕ್ಕೆ ಜಾಗ ಉಳಿಯಲಿಲ್ಲ. ಅದನ್ನು ಫ್ರಿಜ್ಜಿನ ಮೇಲಿಟ್ಟು, ಬಿಚ್ಚಿದ ಕೂದಲನ್ನು ಕೈಯಲ್ಲೇ ಗಂಟು ಹಾಕಿಕೊಳ್ಳುತ್ತ ಒಳಗೆ ಹೋದಳು.