ಏಳನೇದು ಅಂದೆ

ಪಲ್ಲವಿ, ಆ ಹಳೆಯ ಕಂಪ್ಯೂಟರಿನ ಪ್ರೊಸೆಸರ್ ಕೆಟ್ಟಿರಲಿಲ್ಲ. ನಿನ್ನ ಕೈಯಿಂದ ಬಿದ್ದೂ ಇರಲಿಲ್ಲ. ಅದು ಎಂಟನೇ ಜನರೇಶನ್ನಿನದು ಎಂದು ಗೊತ್ತಿದ್ದೂ ಅಪ್ಪನಿಗೆ ಫೋನಿನಲ್ಲಿ ಏಳನೇದು ಎಂದವಳು ನಾನು. ಬಾಯಿ ತಪ್ಪಿ ಅಲ್ಲ — ಬೇಕೆಂದೇ.

ಈ ಒಂದು ಅಂಕಿಯಿಂದ ನಿನಗೆ ಏನೇನು ತಪ್ಪಿಹೋಯಿತು ಎಂಬುದನ್ನು ನೀನೇ ನನಗಿಂತ ಚೆನ್ನಾಗಿ ಬಲ್ಲೆ. ಆದರೆ ನಾನು ಹಾಗೆ ಯಾಕೆ ಮಾಡಿದೆ ಎಂಬುದು ನಿನಗೆ ತಿಳಿದಿರಲಾರದು. ಅದನ್ನು ನಾನೇ ಹೇಳಬೇಕು.

ಆ ಕಂಪ್ಯೂಟರನ್ನು ನಾನು ಇಂಜಿನಿಯರಿಂಗ್ ಸೇರಿದ ವರ್ಷ ಅಪ್ಪ ಮತ್ತು ನಾನು ಒಂದೊಂದೇ ಭಾಗ ಆರಿಸಿ ತಂದು ಜೋಡಿಸಿದ್ದೆವು. ಅವ್ವ ಹೋದ ಮೇಲೆ ನಾರಾಯಣಗೂಡದ ಆ ಮನೆಯಲ್ಲಿ ನಾವಿಬ್ಬರೇ. ನಾನು ಸ್ಕ್ರೂ ತಿರುಗಿಸುವಾಗ ಅಪ್ಪ ನೆಲಕ್ಕೆ ಮೊಣಕಾಲೂರಿ ಟಾರ್ಚ್ ಹಿಡಿದಿದ್ದರು. ಮಾತು ಹೆಚ್ಚಿರಲಿಲ್ಲ. ಮಾತಿಲ್ಲದೆಯೂ ನಾವು ಸುಖವಾಗಿದ್ದೇವೆ — ಹಾಗೆಂದು ನಾನು ತಿಳಿದಿದ್ದೆ.

ಆಮೇಲೆ ನೀನು ಬಂದೆ. ಕಾಕಾನ ಮಗಳು, ರಾಯಚೂರಿನಿಂದ ಡಿಗ್ರಿ ಓದಲು ಬಂದವಳು. ನನಗೆ ನೌಕರಿ ಸಿಕ್ಕಿ ಆಫೀಸಿನ ಲ್ಯಾಪ್‌ಟಾಪ್ ಬಂದಿತ್ತು. ಹಳೆಯ ಕಂಪ್ಯೂಟರ್ ನಿನ್ನದಾಯಿತು. ನೀನು ಅದರಲ್ಲಿ ಚಿತ್ರ ಬಿಡಿಸಿ, ಚಿತ್ರಗಳನ್ನು ನಡೆದಾಡಿಸಿದೆ. ಕನ್ನಡಕ ಹಾಕಿದ ಒಂದು ಕೊಕ್ಕರೆ ಮೊಸರಿನ ಪಾಕೀಟು ಹಿಡಿದು, ಥೇಟು ಅಪ್ಪನಂತೆಯೇ ಹೆಜ್ಜೆ ಎತ್ತಿಡುತ್ತ, ರಸ್ತೆ ದಾಟಲು ನೋಡುತ್ತಿತ್ತು. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಗಬಲ್ಲರೆಂದು ನನಗೆ ಗೊತ್ತೇ ಇರಲಿಲ್ಲ.

ಅಂದಿನಿಂದ ಸಂಜೆ ಪೂರ್ತಿ ಅವರ ಕುರ್ಚಿ ನಿನ್ನ ಪಕ್ಕದಲ್ಲಿ. ಕೊಕ್ಕರೆಯ ಕುತ್ತಿಗೆ ಎಷ್ಟು ಬಾಗಬೇಕೆಂದು ಇಬ್ಬರಲ್ಲಿ ವಾದ. ಒಮ್ಮೆ ಪಕ್ಕದ ಮನೆಯವರು ಬಂದು ಕೂತಿದ್ದಾಗ ಅಪ್ಪ ಹೇಳಿದರು, "ನಮ್ಮ ಮನಿಗೆ ಈಗ ಜೀವ ಬಂದೈತಿ ನೋಡ್ರಿ. ಮೊದಲ ಲೈಬ್ರರಿ ಇದ್ದಂಗ ಇತ್ತು." ನಾನು ಒಳಗೆ ಅವರಿಗೇ ಚಹಾ ಸೋಸುತ್ತಿದ್ದೆ. ಚಹಾ ಕೊಟ್ಟು, ನಕ್ಕು, ನನ್ನ ಕೋಣೆಗೆ ಹೋದೆ. ನನಗೂ ಅವರಿಗೂ ಮನೆಯಾಗಿದ್ದ ಅಷ್ಟು ವರ್ಷಗಳು — ಲೈಬ್ರರಿ.

ನೀನು ಅನಿಮೇಷನ್ ಕೋರ್ಸಿಗೆ ಅರ್ಜಿ ಹಾಕಿದ್ದೆ. ಕೊಕ್ಕರೆಯ ಚಿತ್ರ ಮುಗಿಸಿ ಕಳಿಸಬೇಕಿತ್ತು. ಕೊನೆಯ ತಾರೀಖು ಹತ್ತಿರ ಬಂದಾಗಲೇ ಕಂಪ್ಯೂಟರ್ ನಿಂತಿತು. ರಿಪೇರಿಯವನು ನೋಡಿ, ಮದರ್‌ಬೋರ್ಡ್ ಹೋಗಿದೆ, ಉಳಿದದ್ದೆಲ್ಲ ಸರಿಯಿದೆ ಎಂದ. ಅಷ್ಟು ಹಳೆಯ ಪ್ರೊಸೆಸರಿಗೆ ಹೊಸ ಬೋರ್ಡ್ ಬರುವುದಿಲ್ಲ, ಬಳಸಿದ್ದನ್ನೇ ಹುಡುಕಬೇಕು. ಅಪ್ಪ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು — ಎಷ್ಟೋ ದಿನಗಳ ಮೇಲೆ. ಯಾವುದು ಹೊಂದುತ್ತದೆ ಎಂದು ನೋಡಿ ಹೇಳು, ನಿನಗೆ ಇದೆಲ್ಲ ತಿಳಿಯುತ್ತದೆ ಎಂದರು. ನನಗಾಗಿ ಬಂದಿರಲಿಲ್ಲ. ನಿನಗಾಗಿ ಬಂದಿದ್ದರು.

ನೋಡಿದೆ. ಅದರಲ್ಲೊಂದು ತೊಡಕಿದೆ ಎಂದು ನನಗೆ ಮೊದಲೇ ಗೊತ್ತಿತ್ತು. ಏಳನೇ ಜನರೇಶನ್ನಿನ ಬೋರ್ಡಿನಲ್ಲಿ ಎಂಟನೇ ಜನರೇಶನ್ನಿನ ಪ್ರೊಸೆಸರ್ ಸರಿಯಾಗಿಯೇ ಕೂರುತ್ತದೆ, ಅಳತೆ ಒಂದೇ. ಆದರೆ ಕಂಪ್ಯೂಟರ್ ಶುರುವಾಗುವುದಿಲ್ಲ. ನಮಗೆ ಬೇಕಾದ ಸರಿಯಾದ ಬೋರ್ಡ್ ದಿಲ್‌ಸುಖ್‌ನಗರದ ಒಬ್ಬನ ಬಳಿ ಇತ್ತು. ಅದರ ಫೋಟೋವನ್ನು ನಾನು ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದಾಗಲೇ ಹೊರಗೆ ನೀವಿಬ್ಬರೂ ಏನಕ್ಕೋ ನಕ್ಕಿರಿ. ನಾನು ಆ ಪುಟ ಮುಚ್ಚಿದೆ. ಸಿಗಲಿಲ್ಲ ಎಂದೆ.

ಮರುದಿನ ನೀವೇ ಸಿಕಂದರಾಬಾದಿನ ಹಳೆಯ ಸಾಮಾನಿನ ಅಂಗಡಿಗಳಿಗೆ ಹೋದಿರಿ. ದಾರಿಯಲ್ಲಿ ಏನಾದರೂ ಆದೀತೆಂದು ಅಪ್ಪ ಪ್ರೊಸೆಸರನ್ನು ಮನೆಯಲ್ಲೇ ಬಿಟ್ಟಿದ್ದರು. ನನಗೆ ಆಫೀಸಿಗೆ ಫೋನ್ ಬಂತು. ಮೊದಲು ಕೇಳಿಸಿದ್ದು, ತಡಿ, ನಮ್ಮ ಮಗಳು ಇಂಜಿನಿಯರ್ ಎಂದು ಅವರು ಅಂಗಡಿಯವನಿಗೆ ಹಿಂದಿಯಲ್ಲಿ ಹೇಳುತ್ತಿದ್ದ ಮಾತು — "ಠೈರೋ ಭಾಯ್, ಹಮಾರೀ ಬೇಟಿ ಇಂಜಿನಿಯರ್ ಹೈ." ಆಮೇಲೆ ನನಗೆ:

"ಅಪರ್ಣಾ, ಯಾವ ಜನರೇಶನ್ ಅಂತ ಕೇಳಾಕತ್ತಾನ. ಏಳನೇದೋ ಎಂಟನೇದೋ?"

"ಏಳನೇದು."

"ಖರೆ?"

"ಖರೆ ಅಪ್ಪಾ. ತಗೋರಿ."

ಅವರ ದನಿಯಲ್ಲಿದ್ದ ಹೆಮ್ಮೆ ನನಗೆ ಕೇಳಿಸಿತ್ತು. ಕೇಳಿಸಿಯೂ ಹೇಳಿದೆ. ಎಷ್ಟೋ ಕಾಲದಿಂದ ನಾನು ಬಯಸಿದ್ದ ಆ ಹೆಮ್ಮೆ, ನಿನ್ನ ಕೆಲಸ ನಡೆಯಲೆಂದು ಕೊನೆಗೂ ನನ್ನ ಪಾಲಿಗೆ ಬಂದಿತ್ತು — ಅದಕ್ಕೇ ಇರಬೇಕು ಇನ್ನಷ್ಟು ಉರಿದದ್ದು.

ಸಂಜೆ ಮೇಜಿನ ಬಳಿ ನಾನೂ ನಿಂತಿದ್ದೆ. ನೀನು ಪ್ರೊಸೆಸರನ್ನು ಅಂಚು ಹಿಡಿದು ಎತ್ತಿಕೊಟ್ಟೆ, ಅಪ್ಪ ಕೂರಿಸಿ, ಅದನ್ನು ಬಿಗಿಯುವ ಸಣ್ಣ ಲೀವರ್ ಒತ್ತಿದರು. ಕರಕ್ ಎಂದಿತು, ಹಾಗೆ ಅನ್ನುವುದು ಸಹಜ. ಅವರು ನನ್ನ ಮುಖ ನೋಡಿದರು. ನಾನು ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪಾಗಿಯೇ ಉಳಿಯಿತು.

ಅಂಗಡಿಯವನ ಬಳಿ ಬೋರ್ಡನ್ನು ಮಾತ್ರ ವಾಪಸ್ಸು ಒಯ್ದಿರಿ. ಅಲ್ಲಿಯ ಪದ್ಧತಿಯಂತೆ ಅವನು ತನ್ನದೇ ಏಳನೇ ಜನರೇಶನ್ನಿನ ಪ್ರೊಸೆಸರ್ ಹಾಕಿ ತೋರಿಸಿದ. ಪರದೆ ಬೆಳಗಿತು. ಬೋರ್ಡ್ ಸರಿಯಿದೆ, ನಿಮ್ಮ ಪ್ರೊಸೆಸರೇ ಹೋಗಿದೆ ಎಂದ. ಅವನು ಹೇಳಿದ್ದು ನನ್ನ ಮಾತನ್ನು ನಂಬಿ. ಇನ್ನೊಂದು ಪ್ರೊಸೆಸರ್ ಕೊಳ್ಳುವಷ್ಟು ಹಣ ಅಪ್ಪನ ಬಳಿ ಉಳಿದಿರಲಿಲ್ಲ, ಕೊಡುತ್ತೇನೆಂದು ನಾನೂ ಅನ್ನಲಿಲ್ಲ.

ಮನೆಗೆ ಬಂದು ಅಪ್ಪ ತಮ್ಮ ಬೆರಳುಗಳನ್ನೇ ನೋಡುತ್ತ ಕೂತರು. "ನಾನ ಭಾಳ ಒತ್ತಿದೆ. ನನ್ನ ಕೈಲೇ ಹಾಳಾತು," ಎಂದರು. ಆಗ ನೀನು ಹೇಳಿದೆ:

"ಇಲ್ಲ ದೊಡ್ಡಪ್ಪಾ, ಅದಕ್ಕೂ ಮೊದಲ ನನ್ನ ಕೈಯಾಗಿಂದ ಜಾರಿ ಬಿದ್ದಿತ್ತು. ನಿಮಗ ಹೇಳಾಕ ಅಂಜಿದ್ದೆ."

ಬಿದ್ದಿರಲಿಲ್ಲ. ನಾನು ಅಲ್ಲೇ ಇದ್ದೆನಲ್ಲ. ಆಗಲಾದರೂ ಬಾಯಿ ತೆರೆದಿದ್ದರೆ ದಿಲ್‌ಸುಖ್‌ನಗರದ ಬೋರ್ಡ್ ತರಲು ಇನ್ನೂ ಸಮಯವಿತ್ತು. ನಿನ್ನ ಚಿತ್ರ ಮುಗಿಯುತ್ತಿತ್ತು. ಆದರೆ ಆ ಗಳಿಗೆಯಲ್ಲಿಯೂ ನನಗೆ ಬಂದದ್ದು ಪಶ್ಚಾತ್ತಾಪವಲ್ಲ, ಪಲ್ಲವಿ, ಹೊಟ್ಟೆಕಿಚ್ಚು. ಅಪ್ಪನನ್ನು ಉಳಿಸಲು ಸುಳ್ಳು ಹೇಳುವುದು ನನಗೆ ಯಾಕೆ ಹೊಳೆಯಲಿಲ್ಲ? ಅವರಿಗಾಗಿ ಅಷ್ಟು ಸಲೀಸಾಗಿ — ನೀನು —

ಅಪ್ಪ ಬಯ್ಯಲಿಲ್ಲ. "ಮೊದಲ ಹೇಳಬಾರದಿತ್ತೇನವಾ," ಎಂದರು, ಅಷ್ಟೇ. ಆದರೆ ನೀನು ತಮ್ಮಿಂದ ಮುಚ್ಚಿಟ್ಟೆ ಎಂಬುದು ಅವರ ಮನಸ್ಸಿನಲ್ಲಿ ಕೂತಿತು. ತಾರೀಖು ದಾಟಿತು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕು ಎಂದು ನಿನಗೆ ಯಾರೂ ಹೇಳಲಿಲ್ಲ, ನಾನಂತೂ ಹೇಳಲಿಲ್ಲ. ಡಿಗ್ರಿ ಮುಗಿಸಿ ನೀನು ಕೂಕಟ್‌ಪಲ್ಲಿಯ ಹಾಸ್ಟೆಲಿಗೆ ಹೋದೆ. ಇವತ್ತಿಗೂ ಅಲ್ಲೇ ಒಂದು ಅಂಗಡಿಯಲ್ಲಿ ಮದುವೆಯ ಫ್ಲೆಕ್ಸುಗಳಿಗೆ ವಧೂವರರ ಹಿಂದೆ ಮೋಡ ಕೂರಿಸುವ ಕೆಲಸ ಮಾಡುತ್ತೀ.

ಹೊರಡುವ ದಿನ ನನಗೆ ಆ ಪ್ರೊಸೆಸರ್ ಕೊಟ್ಟೆ. ಅದರ ಮೇಲೆ ನಂಬರು ಮುಚ್ಚುವಂತೆ ಒಣಗಿದ್ದ ಬೂದು ಪೇಸ್ಟನ್ನು ನೀನು ಒರೆಸಿದ್ದೆ. ಎಂಟರಿಂದ ಶುರುವಾಗುವ ನಂಬರು ಸ್ಪಷ್ಟವಾಗಿ ಕಾಣುತ್ತಿತ್ತು. "ಇದು ನಿನ್ನ ಕಡೇನ ಇರಲಿ ಅಕ್ಕಾ," ಅಂದೆ. ನಿನಗೆ ತಿಳಿದುಹೋಗಿತ್ತೇ? ಇಲ್ಲಾ, ಅಪ್ಪ ಮತ್ತು ನಾನು ಸೇರಿ ತಂದದ್ದೆಂದು ಸುಮ್ಮನೆ ಕೊಟ್ಟೆಯಾ? ನಾನು ಕೇಳಲಿಲ್ಲ. ಕೇಳಿದ್ದರೆ ನೀನು ನಿಜ ಹೇಳುತ್ತಿದ್ದೆ ಎಂಬ ಭಯ.

ನೀನು ಹೋದರೆ ಅಪ್ಪ ನನ್ನ ಕಡೆಗೆ ತಿರುಗುತ್ತಾರೆ ಎಂದುಕೊಂಡಿದ್ದೆ. ತಿರುಗಲಿಲ್ಲ. ಟಿವಿ ಹಾಕಿಕೊಂಡು ಕೂರುತ್ತಾರೆ. ನಗುವುದಿಲ್ಲ.

ಈ ಭಾನುವಾರ ನೀನು ಊಟಕ್ಕೆ ಬರುತ್ತಿದ್ದೀ. ಇದನ್ನೆಲ್ಲ ನಿನ್ನೊಬ್ಬಳಿಗೆ ಹೇಳಿದರೆ ಸಾಲದು. ಅಪ್ಪನ ಎದುರಿಗೆ, ನೀನು ಕೂತಿರುವಾಗಲೇ ಹೇಳುತ್ತೇನೆ. ಕೇಳಿದ ಮೇಲೆ ಅವರು ನನ್ನ ಕಡೆ ನೋಡುವುದಿಲ್ಲ ಎಂದು ಗೊತ್ತು. ಎದ್ದು ನಿನ್ನ ತಲೆಯ ಮೇಲೆ ಕೈ ಇಡುತ್ತಾರೆ. ಅದನ್ನು ನೋಡಿ ನನ್ನ ಹೊಟ್ಟೆಯಲ್ಲಿ ಮತ್ತೆ ಅದೇ ಉರಿ ಏಳುತ್ತದೆ — ಅದೂ ಗೊತ್ತು. ಏಳಲಿ. ಹೇಳಿ ಮುಗಿಸುವವರೆಗೆ ನಾನು ಅಲ್ಲಿಂದ ಏಳುವುದಿಲ್ಲ.